ಲೆಕ್ಕಕ್ಕಿಲ್ಲದ ಲಕ್ಕಿ

"ಹಳ್ಳಕ್ಕ ಈಗ ಬ್ಯಾಸಿಗ್ಯಾಗೂ ನೀರ ಇರತಾವ್ರೀ. ಆದ್ರ ಕುರಿ ಕುಡಿಯೂದಿಲ್ಲ."

ಮುಧೋಳ ತಾಲ್ಲೂಕಿನ ಒಂದು ಹಳ್ಳದ ದಂಡೆಯಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರು ಹೀಗೆಂದರು. ನಾನು ಕೇಳಿದ್ದು ನೀರಿನ ಸುದ್ದಿಯಲ್ಲ, ಗಿಡದ ಸುದ್ದಿ. ಇಲ್ಲೆಲ್ಲ ಲಕ್ಕಿಗಂಟಿ ಇರುತ್ತಿತ್ತಲ್ಲ, ಎಲ್ಲಿ ಹೋಯಿತು ಅಂದಿದ್ದೆ. ಅಜ್ಜ ಮಾತು ಬದಲಿಸಿದರು ಅಂತ ಆ ಕ್ಷಣಕ್ಕೆ ಅನ್ನಿಸಿತು. ಬೀಳಗಿಯಿಂದ ಜಮಖಂಡಿಯವರೆಗೆ ಹಲವು ಹಳ್ಳಗಳನ್ನು ಹತ್ತಿಳಿದ ಮೇಲೆ ಅವರು ನೇರವಾದ ಉತ್ತರವನ್ನೇ ಕೊಟ್ಟಿದ್ದರು ಅಂತ ತಿಳಿಯಿತು. ಬರದ ಸೀಮೆಯ ಗಿಡಗಂಟಿ ಬರದಿಂದ ಸಾಯಲಿಲ್ಲ. ನೀರು ಬಂದು ಸತ್ತಿತು. ಈ ಲೇಖನದುದ್ದಕ್ಕೂ ನಾನು ಹೇಳಲು ಹೊರಟಿರುವುದು ಇದನ್ನೇ.

ಬೆಟ್ಟಸೀಮೆಯ ತೊರೆಗಳ ಅಂಚಿನ ಪೊದೆಗಾಡು ಅಂದರೆ ಸಸ್ಯಶಾಸ್ತ್ರಜ್ಞರ ಕಣ್ಣ ಮುಂದೆ ಅಮೆರಿಕದ ರಾಕಿ ಪರ್ವತದ ವಿಲ್ಲೋ ಪೊದೆಗಳು ಬರುತ್ತವೆ. ಯೆಲ್ಲೋಸ್ಟೋನ್ ಉದ್ಯಾನಕ್ಕೆ 1995ರಲ್ಲಿ ತೋಳಗಳನ್ನು ಮರಳಿ ತಂದು ಬಿಟ್ಟಾಗ, ಎಲ್ಕ್ ಜಿಂಕೆಗಳ ಬಾಯಿಂದ ತಪ್ಪಿಸಿಕೊಂಡು ಆ ಪೊದೆಗಳು ತಲೆ ಎತ್ತಿದವೋ ಇಲ್ಲವೋ ಎಂಬ ಬಗ್ಗೆ ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ನಮ್ಮ ಲಡಾಖ್, ಸ್ಪಿತಿ ಕಣಿವೆಗಳಲ್ಲಿ ಹಳದಿ ಹಣ್ಣಿನ ಮುಳ್ಳುಪೊದೆಗಳು ಹೊಳೆಯ ಗುಂಟ ಬೆಳೆಯುತ್ತವೆ. ಅಲ್ಲಿ ಮರವೇ ಅಪರೂಪ, ಹಾಗಾಗಿ ಪೊದೆ ಕಣ್ಣಿಗೆ ಬೀಳುತ್ತದೆ, ಅದಕ್ಕೊಂದು ಹೆಸರು ಸಿಗುತ್ತದೆ. ಬಯಲುಸೀಮೆಯಲ್ಲಿ ಪೊದೆಗೆ 'ಕಂಟಿ' ಅನ್ನುತ್ತೇವೆ. 'ಗಿಡಗಂಟಿ ಬೆಳೆದಾವ' ಅಂದರೆ ಸ್ವಚ್ಛ ಮಾಡಬೇಕು ಅಂತಲೇ ಅರ್ಥ.

ಭಾರತದ ಕಾಡುಗಳನ್ನು ವಿಂಗಡಿಸಿದ ಚಾಂಪಿಯನ್ ಮತ್ತು ಸೇಠ್ ಅವರ 1968ರ ಸಮೀಕ್ಷೆಯಲ್ಲಿ ನಮ್ಮ ಗುಡ್ಡಗಳು ದಕ್ಷಿಣದ ಉಷ್ಣವಲಯದ ಮುಳ್ಳುಕಾಡಿನ ಪಾಲಿಗೆ ಬಿದ್ದಿವೆ. ಹೊಳೆಯಂಚಿನ ಕಾಡಿಗೂ ಅದರಲ್ಲಿ ಜಾಗವಿದೆ, ಆದರೆ ಅದು ಎತ್ತರದ ಮರಗಳನ್ನು ನೆನೆದು ಮಾಡಿದ ಜಾಗ. ಎರಡು ಆಳೆತ್ತರದ ಲಕ್ಕಿ, ಈಚಲು, ಕಾರಿ, ಕವಳಿ ಕೂಡಿದ ಹಳ್ಳದ ದಂಡೆ ಅತ್ತ ಮುಳ್ಳುಕಾಡೂ ಅಲ್ಲ, ಇತ್ತ ಹೊಳೆಗಾಡೂ ಅಲ್ಲ.

ಗಿಡಗಳ ಪಟ್ಟಿಗೇನೂ ಕೊರತೆಯಿಲ್ಲ. ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಮುಂಬಯಿ ಪ್ರಾಂತದ ಸಸ್ಯಕೋಶವಿದೆ, ಪೂರ್ವ ಕರ್ನಾಟಕದ ಸಸ್ಯಗಳ ಬಗ್ಗೆ ಎನ್.ಪಿ. ಸಿಂಗ್ ಬರೆದ 1988ರ ಗ್ರಂಥವಿದೆ. ಇವು ಯಾವ ಗಿಡ ಇದೆ ಎಂದು ಹೇಳುತ್ತವೆ. ಯಾವುದರ ಪಕ್ಕ ಯಾವುದು, ನೀರಿನಿಂದ ಎಷ್ಟು ದೂರ, ಯಾರು ಮೊದಲು ಬಂದರು, ಯಾರು ಯಾರನ್ನು ಹೊರಗೆ ಹಾಕಿದರು ಎಂದು ಹೇಳುವುದು ಸಸ್ಯಕೋಶದ ಕೆಲಸವಲ್ಲ. ಆಡಳಿತದ ಕಾಗದಪತ್ರಗಳಲ್ಲಿ ಹುಡುಕೋಣ ಅಂದರೆ ಸ್ವಾತಂತ್ರ್ಯಕ್ಕೆ ಮುಂಚೆ ಈ ನಾಡು ಹರಿದು ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರದ್ದು, ಮುಧೋಳ ಘೋರ್ಪಡೆಯವರದ್ದು, ತೇರದಾಳ ಸಾಂಗ್ಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯದ್ದು. ಒಂದೇ ಹಳ್ಳ ಎರಡು ಸರಕಾರಗಳ ನಡುವೆ ಹರಿಯುತ್ತಿತ್ತು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳು ವಿಲೀನವಾಗಿ ಎಲ್ಲವೂ ಬಿಜಾಪುರ ಜಿಲ್ಲೆಯ ಒಂದೇ ಸೂರಿನಡಿ ಬಂತು, 1997ರಲ್ಲಿ ಅದರಿಂದ ಬಾಗಲಕೋಟೆ ಜಿಲ್ಲೆಯಾಯಿತು. ಅಷ್ಟರಲ್ಲಿ ಹಳ್ಳಗಳೇ ಬೇರೆಯಾಗಿದ್ದವು.

ನಮ್ಮದನ್ನು ಬೆಟ್ಟಸೀಮೆ ಅಂದರೆ ಮಲೆನಾಡಿನವರು ನಕ್ಕಾರು. ನಗಲಿ. ಬೀಳಗಿ, ಲೋಕಾಪುರದ ಕಡೆಯ ಈ ಕೆಂಪು ಮರಳುಗಲ್ಲಿನ ಸಾಲುಗಳು ಹಿಮಾಲಯಕ್ಕಿಂತ ಎಷ್ಟೋ ಪಟ್ಟು ಹಳೆಯವು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ದೇಶದ ಭೂರಚನೆಯ ಬಗ್ಗೆ ಬರೆದಾಗ ಕಲಾದಗಿಯ ಹೆಸರಿಟ್ಟು ಗುರುತಿಸಿದ ಶಿಲಾಸಮೂಹ ಇದೇ. ಉತ್ತರಕ್ಕೆ ಜಮಖಂಡಿಯತ್ತ ಸರಿದಂತೆ ದಖ್ಖನಿನ ಕರಿಗಲ್ಲು, ಅದರ ಮೇಲೆ ಎರೆಮಣ್ಣು. ಕಲ್ಲು ಬದಲಾದಲ್ಲಿ ಹಳ್ಳದ ಸ್ವಭಾವ ಬದಲಾಗುತ್ತದೆ, ಹಳ್ಳದ ಸ್ವಭಾವ ಬದಲಾದಲ್ಲಿ ಗಿಡಗಳ ಸಂಸಾರವೂ ಬದಲಾಗುತ್ತದೆ.

ಮರಳುಗಲ್ಲಿನ ಗುಡ್ಡದಲ್ಲಿ ವರ್ಷಕ್ಕೆ 600 ಮಿಲಿಮೀಟರು ಮುಟ್ಟದ ಮಳೆ ಕೆಲವೇ ಅಡ್ಡಮಳೆಗಳಲ್ಲಿ ಸುರಿದುಹೋಗುತ್ತದೆ. ಕೊಳ್ಳದಲ್ಲಿ ನೀರು ಬರುವುದು ಗದ್ದಲದಿಂದ, ಹೋಗುವುದು ತಾಸೊಪ್ಪತ್ತಿನಲ್ಲಿ. ಆ ರಭಸಕ್ಕೆ ನೆಟ್ಟಗೆ ನಿಂತ ಮರ ಬುಡಸಹಿತ ಹೋಗುತ್ತದೆ, ಬಾಗುವ ಪೊದೆ ಉಳಿಯುತ್ತದೆ. ಲಕ್ಕಿಯ ಜಾಣತನ ಇರುವುದು ಇಲ್ಲೇ. ಅದರ ಬರಲು ಬಳುಕುತ್ತದೆ, ಮುರಿದರೆ ಬುಡದಿಂದ ಐದಾರು ಹೊಸ ಬರಲು ಏಳುತ್ತವೆ. ಬಂಡೆಯ ಬಿರುಕಿನಲ್ಲಿ ಉಳಿದ ತಂಪನ್ನು ಬೇರು ಹುಡುಕಿಕೊಳ್ಳುತ್ತದೆ. ಹರಿವ ನೀರಿನ ಹೊಡೆತಕ್ಕೆ ಹೊಂದಿಕೊಂಡ ಇಂಥ ಗಿಡಗಳದ್ದೇ ಒಂದು ಜಾತಿ ಮಾಡಿ, ಜಗತ್ತಿನಾದ್ಯಂತದ ಉದಾಹರಣೆಗಳನ್ನು ಕೂಡಿಸಿ ಡಚ್ ಸಸ್ಯಶಾಸ್ತ್ರಜ್ಞ ವಾನ್ ಸ್ಟೀನಿಸ್ 1981ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅವನ ಅಳತೆಗೆ ಪಕ್ಕಾ ಒಪ್ಪುವ ಗಿಡವೆಂದರೆ ಹೊಮೊನೊಯಾ ರಿಪೇರಿಯಾ. ಕಣಗಲೆಯಂಥ ಉದ್ದೆಲೆ, ಬಂಡೆಯನ್ನು ತಬ್ಬಿದ ಬೇರು. ದಕ್ಷಿಣದ ಹೊಳೆಗಳ ಕಲ್ಲುಪಾತ್ರದಲ್ಲಿ ಇದು ಮಹಾಪೂರದಡಿ ಮುಳುಗಿದ್ದು ಎದ್ದು ಮತ್ತೆ ಚಿಗುರುತ್ತದೆ. ಲಕ್ಕಿ ಅಷ್ಟು ಕಟ್ಟಾ ಹೊಳೆವಾಸಿಯಲ್ಲ. ಊರ ಬೇಲಿಗೂ ಬರುತ್ತದೆ, ಹೊಲದ ಬದುವಿಗೂ ಬರುತ್ತದೆ. ತವರುಮನೆ ಮಾತ್ರ ಹಳ್ಳವೇ.

ಎರೆಸೀಮೆಯ ಹಳ್ಳ ಬೇರೆ ಥರ. ದಂಡೆ ಕಡಿದಾದ ಕರಿಗೋಡೆ, ಪಾತ್ರ ಆಳ. ಇಲ್ಲಿ ಜಾಲಿ, ಹುಲಗಲ, ಈಚಲು, ಅತ್ತಿಗಳ ನಡುವೆ ಲಕ್ಕಿ ಮತ್ತು ಬಾರಿಕಂಟಿ ತುಂಬಿಕೊಳ್ಳುತ್ತಿದ್ದವು. ಹುಲಗಲದ ಕಾಯಿ ನೀರ ಮೇಲೆ ತೇಲಿ ಕೆಳಗಿನ ದಂಡೆಗೆ ಹತ್ತುತ್ತದೆ, ಆದ್ದರಿಂದ ಅದು ಹಳ್ಳದ ಗುಂಟ ಸಾಲಾಗಿ ಸಿಗುತ್ತದೆ. ನೀರಿನತ್ತ ಬಾಗಿದ ಜಾಲಿಯ ಟೊಂಗೆಗೆ ಗೀಜಗನ ಗೂಡು. ಕೊನೆಗೆ ಕೃಷ್ಣೆ, ಘಟಪ್ರಭೆಗಳ ದಂಡೆ. ಅಲ್ಲಿ ಮರಳು, ಮೆಕ್ಕಲು, ಜೇಕು, ಕಾಡುಕಬ್ಬು.

ಕಾಡುಕಬ್ಬಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಬೆಳ್ಳನೆಯ ಹೂದೆನೆ ಎತ್ತಿ ಹೊಳೆಯ ದಂಡೆಗೆ ನಿಲ್ಲುವ ಈ ಹುಲ್ಲು ಸ್ಯಾಕರಮ್ ಸ್ಪಾಂಟೇನಿಯಮ್. 1912ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ಕಬ್ಬು ತಳಿ ಸಂಸ್ಥೆಯಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಈ ಹುಲ್ಲನ್ನು ಸಿಹಿಕಬ್ಬಿನೊಡನೆ ಬೆರೆಸಿದರು, 1918ರಲ್ಲಿ ಕೋ 205 ಹೊರಬಂತು. ಆಮೇಲಿನ ಬಹುತೇಕ ಕೋ ತಳಿಗಳ ಮೈಯಲ್ಲಿ ಹೊಳೆದಂಡೆಯ ಈ ಹುಲ್ಲಿನ ರಕ್ತವಿದೆ. ಇಂದು ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಯ ರೈತರ ಬಾಯಲ್ಲಿ ಬರಿ 86032 ಎಂಬ ಅಂಕಿಯಾಗಿರುವ ಕಬ್ಬೂ ಕೋ ಮನೆತನದ್ದೇ. ದಂಡೆಯ ಹುಲ್ಲಿನ ವಂಶಸ್ಥನೇ ದೊಡ್ಡವನಾಗಿ ಬಂದು ದಂಡೆಯನ್ನು ನುಂಗಿದ. ರಬಕವಿಯ ಕಡೆ ಕೃಷ್ಣೆಯ ಅಂಚಿಗೆ ಹೋಗಿ ನೋಡಿ. ಕೊನೆಯ ಸಾಲು ಕಬ್ಬು ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಇಳಿಜಾರು. ನಡುವೆ ಒಂದು ಕಂಟಿಗೂ ಜಾಗವಿಲ್ಲ.

ಜನ ಈ ಗಿಡಗಳನ್ನು ಎಣಿಸದಿದ್ದರೂ ಬಳಸದೆ ಬಿಡಲಿಲ್ಲ. ಜಂತಿಮನೆಯ ಮಾಳಿಗೆಗೆ ಜಂತಿ ಜೋಡಿಸಿ, ಅದರ ಮೇಲೆ ಬಂದರಿ, ಲಕ್ಕಿಯ ಬರಲು ಹಾಸಿ, ಮೇಲೆ ಮಣ್ಣು ಬಿಗಿಯುತ್ತಿದ್ದರು. ಅದರ ವಾಸನೆಗೆ ಗೆದ್ದಲು ದೂರ ಅನ್ನುವುದು ನಂಬಿಕೆ. ಜೋಳದ ಹಗೇವಿಗೆ ಲಕ್ಕಿಯ ಸೊಪ್ಪು, ದನದ ಕೊಟ್ಟಿಗೆಗೆ ಲಕ್ಕಿಯ ಹೊಗೆ, ಬಾಣಂತಿಯ ನೀರಿಗೆ ಲಕ್ಕಿಯ ಎಲೆ. ಈಚಲ ಗರಿಯ ಕಸಬರಿಗೆ, ಚಾಪೆ, ಲಕ್ಕಿಯ ಬರಲಿನ ಬುಟ್ಟಿ. ಇವನ್ನು ಹೆಣೆಯುವ ಮನೆಗಳಿಗೆ ಹಳ್ಳವೇ ಹೊಲ. ಇನ್ನು ಜಾಲಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಕಡೆಯ ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆಗಳೂ ಸೇರಿದವು. ಆ ಚಪ್ಪಲಿಯ ತೊಗಲನ್ನು ಹದ ಮಾಡುವುದು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ. ಅಂಗಡಿಯ ಡಬ್ಬಿಯ ಮೇಲೆ ಊರಿನ ಹೆಸರಿದೆ, ಜಾಲಿಯದು ಇಲ್ಲ.

ಈ ಬಳಕೆಯೇ ಗಿಡಗಳನ್ನು ಕಾಪಾಡಿತು ಎಂದು ಕೆಲವರು ಬರೆಯುತ್ತಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಬಳಸಿದ್ದೂ ಉಂಟು, ಸವೆಸಿದ್ದೂ ಉಂಟು. ಈಗ ಗುಡ್ಡದ ಕೊಳ್ಳಗಳಲ್ಲಿ ಕಾಣುವ ಗಿಡಗಳನ್ನು ನೋಡಿ: ಲಕ್ಕಿ, ಎಕ್ಕೆ, ತಂಗಡಿ, ಬಂದರಿ. ನಾಲ್ಕೂ ಆಡು ಬಾಯಿ ಹಾಕಲು ಒಲ್ಲದ ಗಿಡಗಳು. ಅಂದರೆ ನಾವು ಇವತ್ತು 'ಇಲ್ಲಿಯ ಸಹಜ ಸಸ್ಯ' ಎಂದು ಫೋಟೋ ತೆಗೆಯುವುದು ಆಡು ಉಣ್ಣದೆ ಬಿಟ್ಟದ್ದನ್ನು. ಮೇಯುವ ಬಾಯಿಗಳು ಇಷ್ಟಿರದ ಕಾಲದಲ್ಲಿ ಆ ದಂಡೆಯಲ್ಲಿ ಇನ್ನೇನೇನು ಇತ್ತೋ, ಅದರ ಗುರುತು ಬೀಳಗಿ-ಮುಧೋಳಗಳ ನಡುವಿನ ಯಡಹಳ್ಳಿಯಲ್ಲಿ ಸ್ವಲ್ಪ ಸಿಕ್ಕೀತು. ಸುಮಾರು 96 ಚದರ ಕಿಲೋಮೀಟರಿನ ಆ ಗುಡ್ಡಗಾಡು ಈಗ ಚಿಂಕಾರ ವನ್ಯಜೀವಿಧಾಮ. ಹೆಸರು ಚಿಂಕಾರದ್ದು, ಆದರೆ ಬೇಸಿಗೆಯ ನಡುಹಗಲಲ್ಲಿ ಆ ಪ್ರಾಣಿಗೆ ನೆರಳು ಕೊಡುವುದು ಕೊಳ್ಳದ ಪೊದೆ. ಅಲ್ಲಿಯ ಕೊಳ್ಳಗಳನ್ನು ಒಂದೊಂದಾಗಿ ಹಿಡಿದು, ಮೇಲಿಂದ ಕೆಳಗಿನವರೆಗೆ ಗಿಡ ಎಣಿಸುವ ಕೆಲಸವನ್ನು ಯಾವುದಾದರೂ ಕಾಲೇಜು ಕೈಗೆತ್ತಿಕೊಂಡರೆ ಉಳಿದ ಹಳ್ಳಗಳನ್ನು ಅಳೆಯಲು ಒಂದು ಸೇರು ಸಿಕ್ಕಂತಾಗುತ್ತದೆ.

ಈಗ ಅಜ್ಜನ ಮಾತಿಗೆ ಬರೋಣ.

ಘಟಪ್ರಭೆಗೆ ಧೂಪದಾಳದಲ್ಲಿ 1897ರಲ್ಲೇ ಒಡ್ಡು ಬಿತ್ತು. ಹಿಡಕಲ್ ಜಲಾಶಯ ಬಂದ ಮೇಲೆ ಕಾಲುವೆಯ ನೀರು ಮುಧೋಳ, ಜಮಖಂಡಿಗಳ ಎರೆಹೊಲಗಳಿಗೆ ಹರಡಿತು. ಕೃಷ್ಣೆಯ ಮೇಲೆ ಸರಕಾರವನ್ನು ಕಾಯುತ್ತ ಕೂಡದೆ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು, ದುಡಿಮೆ ಹಾಕಿ 1989ರಲ್ಲಿ ಬ್ಯಾರೇಜು ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡ, ಅದರ ಹೆಸರು ಶ್ರಮಬಿಂದು ಸಾಗರ. ಆಮೇಲೆ ಹಿಪ್ಪರಗಿ ಬ್ಯಾರೇಜು. ಗುಳೆ ಹೋಗುತ್ತಿದ್ದ ಊರುಗಳಿಗೆ ಸಕ್ಕರೆ ಕಾರ್ಖಾನೆಗಳು ಬಂದವು. ಈ ನೀರನ್ನು ಬೈಯುವ ಹಕ್ಕು ನನಗಿಲ್ಲ. ಹೊಟ್ಟೆ ತುಂಬಿದ್ದು ಅದರಿಂದಲೇ.

ಆದರೆ ಎರೆಮಣ್ಣಿಗೆ ನೀರು ಕುಡಿಯುವುದು ಗೊತ್ತು, ಬಸಿಯುವುದು ಗೊತ್ತಿಲ್ಲ. ವರ್ಷಪೂರ್ತಿ ಕಬ್ಬಿಗೆ ಹಾಯಿಸಿದ ನೀರು ಕೆಳಗಿಳಿದು, ಒಳಗಿನ ಉಪ್ಪನ್ನು ಕರಗಿಸಿ ಮೇಲಕ್ಕೆ ತಂದಿತು. ಹೊಲ ಸವಳಾಯಿತು, ತಗ್ಗು ಜವಳಾಯಿತು. ಉಳಿದ ಬಸಿನೀರು ಸೇರುವುದು ಹಳ್ಳಕ್ಕೆ. ಮಳೆಗಾಲದಲ್ಲಿ ಎರಡು ತಿಂಗಳು ಹರಿದು, ಚಳಿಗಾಲಕ್ಕೆ ಗುಂಡಿಗಳಾಗಿ, ಬೇಸಿಗೆಗೆ ಮರಳಾಗುತ್ತಿದ್ದ ಹಳ್ಳ ಈಗ ಮೇ ತಿಂಗಳಲ್ಲೂ ಒದ್ದೆ. ಒಣಗುವ ಕಾಲವೇ ಇಲ್ಲದಾಗ ಏನಾಗುತ್ತದೆ? ಪೂರ, ಒಣಗು, ಪೂರ, ಒಣಗು ಎಂಬ ತಾಳಕ್ಕೆ ಹೊಂದಿದ ಗಿಡಗಳ ಬೇರು ಸದಾ ನಿಂತ ಉಪ್ಪುನೀರಿನಲ್ಲಿ ಉಸಿರುಗಟ್ಟಿ ಕೊಳೆಯುತ್ತದೆ. ಆ ಜಾಗಕ್ಕೆ ಆಪು ಬರುತ್ತದೆ. ಕಂದು ಬತ್ತಿಯಂಥ ಹೂವಿನ ಈ ಜೊಂಡು ಪಾತ್ರವನ್ನು ದಂಡೆಯಿಂದ ದಂಡೆಗೆ ಮುಚ್ಚಿ ಹೂಳು ಹಿಡಿಯುತ್ತದೆ. ಅದರ ಬದಿಗೆ ತಿಳಿನೇರಳೆ ಹೂವಿನ, ಎಲ್ಲಿ ಮುರಿದು ಒಗೆದರೂ ಚಿಗುರುವ, ಮರಾಠಿಯವರು ಬೇಶರಮ್ ಎಂದು ಹೆಸರಿಟ್ಟಿರುವ ಗಿಡ. ಸ್ವಲ್ಪ ಎತ್ತರದ ಒಣ ಅಂಚಿಗೆ ಬಳ್ಳಾರಿ ಜಾಲಿ.

ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ, ದಕ್ಷಿಣ ಅಮೆರಿಕದ ಕಡೆಯದು. 1870ರ ದಶಕದ ಕೊನೆಗೆ ಕಡಪ ಸೀಮೆಯಲ್ಲಿ ಉರುವಲಿಗೆಂದು ಅರಣ್ಯ ಅಧಿಕಾರಿಗಳು ಬಿತ್ತಿಸಿದ ಬೀಜ ದಖ್ಖನನ್ನೆಲ್ಲ ಹತ್ತಿತು. ಉಪ್ಪಿಗೆ ಅಂಜುವುದಿಲ್ಲ, ಬರಕ್ಕೆ ಅಂಜುವುದಿಲ್ಲ. ಅದರ ಸಿಹಿಕಾಯಿಯನ್ನು ಕುರಿ, ಆಡು ಆಸೆಯಿಂದ ತಿನ್ನುತ್ತವೆ. ಹೊಟ್ಟೆಯಲ್ಲಿ ಮೆತ್ತಗಾದ ಬೀಜ ಹಿಕ್ಕೆಯೊಡನೆ ಹೊಸ ಹಳ್ಳಕ್ಕೆ ಬೀಳುತ್ತದೆ. ಲಕ್ಕಿಯ ಜಾಗಕ್ಕೆ ಬಳ್ಳಾರಿ ಜಾಲಿ ತಂದದ್ದರಲ್ಲಿ ಅಜ್ಜನ ಕುರಿಹಿಂಡಿಗೂ ಪಾಲಿದೆ. ಅದನ್ನು ಅವರ ಮುಂದೆ ಹೇಳಲಿಲ್ಲ, ಅವರಿಗೆ ಗೊತ್ತಿದ್ದೀತು.

ಹಾಗಾಗಿ 'ನೀರಾವರಿ ಬಂದು ಹಸಿರು ಹೆಚ್ಚಿತು' ಎಂಬ ಮಾತೂ ನಿಜ, 'ಹಳ್ಳದ ಹಸಿರು ಹೋಯಿತು' ಎಂಬುದೂ ನಿಜ. ಉಪಗ್ರಹದ ಚಿತ್ರದಲ್ಲಿ ಎರಡಕ್ಕೂ ಬಣ್ಣ ಒಂದೇ.

ಬೀಳಗಿಯ ಕತೆ ಇದಕ್ಕಿಂತ ಒರಟು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಆಲಮಟ್ಟಿಯ ನೀರು ಈಗ 519.6 ಮೀಟರಿಗೆ ನಿಲ್ಲುತ್ತದೆ. ಘಟಪ್ರಭೆ ಕೃಷ್ಣೆಯನ್ನು ಕೂಡುತ್ತಿದ್ದ ಚಿಕ್ಕಸಂಗಮದ ಸುತ್ತ ಹೊಳೆದಂಡೆ ಎಂಬುದೇ ಇಲ್ಲ, ಹಿನ್ನೀರಿನ ಅಂಚು ಮಾತ್ರ ಇದೆ. ದಂಡೆ ಮತ್ತು ಅಂಚು ಒಂದೇ ಅಲ್ಲ. ಹೊಳೆಯ ದಂಡೆಗೆ ನೀರು ಬಂದು ಹೋಗುತ್ತದೆ. ಹಿನ್ನೀರು ತಿಂಗಳುಗಟ್ಟಲೆ ಕುಂತು, ಬೇಸಿಗೆಗೆ ಹಿಂದೆ ಸರಿಯುತ್ತದೆ. ಅಷ್ಟು ದಿನ ಮುಳುಗಿ ಬದುಕುವ ಪೊದೆ ನಮ್ಮಲ್ಲಿಲ್ಲ. ನೀರು ಇಳಿದಾಗ ಎದ್ದು ಕಾಣುವುದು ಸತ್ತ ಜಾಲಿಯ ಕರಿ ಬೊಡ್ಡೆಗಳು, ಬಿರಿದ ಎರೆ, ಅದರ ಮೇಲೆ ಅವಸರದಲ್ಲಿ ಬಿತ್ತಿದ ಬೆಳೆ. ರಾಜಹಂಸಗಳಿಗೂ ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಬಾತುಗಳಿಗೂ ಈ ಬತ್ತಲೆ ಅಂಚು ಹಬ್ಬದೂಟ. ಅವನ್ನು ನೋಡಲು ಜನ ಬರುತ್ತಾರೆ, ಬರಲಿ. ಗೀಜಗನನ್ನು ನೋಡಲು ಬರುವವರು ಕಡಿಮೆ.

ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅಣೆಕಟ್ಟೆಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿದೆ. ಏರಿಸಿದರೆ ಸುಮಾರು 75 ಸಾವಿರ ಎಕರೆ ಮುಳುಗುತ್ತದೆಂಬ ಲೆಕ್ಕವಿದೆ. ಹೊಲ, ಮನೆ, ಬಾವಿ, ಪೈಪು, ಮಾವಿನಗಿಡ ಎಲ್ಲಕ್ಕೂ ಒಂದೊಂದು ದರ ಹಚ್ಚುತ್ತಾರೆ. ಈಗ ಹಿನ್ನೀರಿಗೆ ಕೈಗೆಟುಕದೆ ಉಳಿದಿರುವ ಎಷ್ಟೋ ಹಳ್ಳಗಳ ಬಾಯಿಗಳೂ ಆಗ ಮುಳುಗುತ್ತವೆ. ಅವಕ್ಕೆ ದರ ಕೇಳುವವರಿಲ್ಲ, ಯಾಕೆಂದರೆ ಹಳ್ಳ ಯಾರ ಹೆಸರಿನಲ್ಲೂ ಇಲ್ಲ.

ಪಹಣಿಯನ್ನು ತೆಗೆದು ನೋಡಿದವರಿಗೆ 'ಖರಾಬು' ಎಂಬ ಕಲಮು ಗೊತ್ತು. ಅದರಲ್ಲಿ ಎರಡು ಬಗೆ. ಉಳುಮೆಗೆ ಬಾರದ ಕಲ್ಲುಮೊರಡಿ 'ಅ' ಖರಾಬು. ದಾರಿ, ಹಳ್ಳದಂಥ ಸಾರ್ವಜನಿಕ ಜಾಗ 'ಬ' ಖರಾಬು. ಅದು ಪಕ್ಕದ ಹೊಲದವನದಲ್ಲ, ಸರಕಾರದ್ದು, ಅಂದರೆ ಎಲ್ಲರದು. ನಕಾಶೆಯಲ್ಲಿ ಹಳ್ಳಕ್ಕೆ ಎರಡು ಗೆರೆ. ಆ ಎರಡು ಗೆರೆಗಳ ಒಳಗೇ ನಮ್ಮ ಗಿಡಗಂಟಿಗಳ ಕಾನೂನುಬದ್ಧ ಮನೆ. ಕೆರೆಗಳಿಗೆ 2014ರ ಕಾಯ್ದೆಯಿಂದ ಒಂದು ಪ್ರಾಧಿಕಾರವಾಯಿತು, ಗುಡ್ಡಕ್ಕೆ ಅರಣ್ಯ ಇಲಾಖೆ ಇದೆ, ಹೊಳೆಗೆ ನೀರಾವರಿ ನಿಗಮ ಇದೆ. ಗುಡ್ಡಕ್ಕೂ ಹೊಳೆಗೂ ನಡುವಿನ ಹಳ್ಳಕ್ಕೆ ಬರುವುದು ಜೇಸಿಬಿ. ಹೂಳೆತ್ತುವ, ಅಗಲ ಮಾಡುವ, ನೆಟ್ಟಗೆ ಮಾಡುವ ಕಾಮಗಾರಿಯಲ್ಲಿ ಮೊದಲ ದಿನವೇ ಹೋಗುವುದು ದಂಡೆಯ ಪೊದೆ. ಎರಡು ಮಳೆಗಾಲದಲ್ಲಿ ಬೆತ್ತಲೆ ದಂಡೆ ಕುಸಿದು ಪಾತ್ರಕ್ಕೇ ಬೀಳುತ್ತದೆ, ಮತ್ತೆ ಹೂಳೆತ್ತಲು ಬಿಲ್ಲು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಕೃಷ್ಣೆಗಳು ಊರುಗಳಿಗೆ ನುಗ್ಗಿದ ಮೇಲೆ ಎಲ್ಲರೂ ಅಣೆಕಟ್ಟೆಯ ಗೇಟಿನ ಬಗ್ಗೆ ಮಾತಾಡಿದರು. ಆ ಗಾತ್ರದ ಪ್ರವಾಹವನ್ನು ಲಕ್ಕಿಗಂಟಿ ತಡೆಯುತ್ತಿತ್ತು ಎಂದು ನಾನು ಹೇಳುವುದಿಲ್ಲ, ಅದು ಸುಳ್ಳು. ಆದರೆ ನೀರು ಇಳಿಯುವಾಗ ಹೊಲದ ಮಣ್ಣನ್ನು ಎಷ್ಟು ಒಯ್ಯುತ್ತದೆ ಎಂಬುದು ದಂಡೆಯಲ್ಲಿ ಬೇರಿದೆಯೋ ಇಲ್ಲವೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಮರಳಿ ತರಬಹುದೇ? ಸವಳು ಹಿಡಿದ ಹಳ್ಳದಲ್ಲಿ ಸುಮ್ಮನೆ ಸಸಿ ನೆಡುವುದು ವನಮಹೋತ್ಸವದ ಫೋಟೋಕ್ಕಷ್ಟೇ ಸಾಕು. ಅಲ್ಲಿ ಮೊದಲು ಆಗಬೇಕಾದದ್ದು ಕಬ್ಬಿಗೆ ಹನಿ ನೀರಾವರಿ, ಹೊಲದಡಿ ಬಸಿಗಾಲುವೆ. ಕಾಲುವೆ ನೀರು ಮುಟ್ಟದ ಗುಡ್ಡದ ಕೊಳ್ಳಗಳಲ್ಲಿ ಕೆಲಸ ಸುಲಭ. ಲಕ್ಕಿಯ ಬರಲನ್ನು ಮುಂಗಾರಿನ ಮೊದಲ ಮಳೆಗೆ ದಂಡೆಯಲ್ಲಿ ಊರಿದರೆ ಹತ್ತುತ್ತದೆ, ಆಡೂ ಮುಟ್ಟುವುದಿಲ್ಲ. ಅದರ ಆಸರೆಗೆ ಉಳಿದವು ತಾವೇ ಬರುತ್ತವೆ. ಕಾರಿ, ಕವಳಿ, ಬಾರಿಯ ಹಣ್ಣು ತಿಂದ ಹಕ್ಕಿ ಲಕ್ಕಿಯ ಟೊಂಗೆಯ ಮೇಲೆ ಕೂತರೆ ಬಿತ್ತನೆಯಾಯಿತು. ಜಮಖಂಡಿಯ ರಾಮತೀರ್ಥದ ಗುಡ್ಡದ ಸುತ್ತ, ಲೋಕಾಪುರದ ಸುಣ್ಣಗಲ್ಲಿನ ಮೊರಡಿಗಳಲ್ಲಿ ಇದಕ್ಕೆ ಬೇಕಾದಷ್ಟು ಜಾಗವಿದೆ.

ಕಳೆದ ಬೇಸಿಗೆಯಲ್ಲಿ ಬೀಳಗಿಯ ಕಡೆ ಒಂದು ಸಣ್ಣ ಹಳ್ಳದಲ್ಲಿ ಲಕ್ಕಿಯ ಎಂಟು ಹತ್ತು ಬುಡಗಳ ಒಂದು ಮೆಳೆ ಸಿಕ್ಕಿತು. ಎರಡೂ ಬದಿಗೆ ಕಬ್ಬು. ಒಬ್ಬ ತಾಯಿ ಕುಡುಗೋಲು ಹಿಡಿದು ಸೊಪ್ಪು ಕೊಯ್ಯುತ್ತಿದ್ದರು. ಮಗಳು ಹೆರಿಗೆಗೆ ಬಂದಾಳೆ, ನೀರು ಕಾಸಲಿಕ್ಕೆ ಬೇಕು ಅಂದರು.

"ಇದು ಯಾರ ಹೊಲದಾಗ ಬರತೈತಿ, ಅಕ್ಕಾ?"

"ಯಾರ್ದೂ ಅಲ್ರೀ ಅಣ್ಣಾ, ಹಳ್ಳದ್ದು. ಅದಕ್ಕ ಬುಡಕ್ಕ ಕೊಯ್ಯೂದಿಲ್ಲ ನಾವು. ತುದಿ ತುದಿ ಅಷ್ಟ ತಗೊಂತೇವಿ."